ಕಾರಿನಲ್ಲಿ ಕೂತು ಚೆಲ್ಲಿದ ಚರಗ

ನಮ್ಮ ಕಾರಿಗೆ ಮನೆಯಲ್ಲಿ ಎಲ್ಲರೂ ‘ಡಬ್ಬಿ’ ಅನ್ನುತ್ತಿದ್ದರು. ಆ ಹೆಸರಿಟ್ಟವರು ನನ್ನ ಮಾವ. ಸೊಲ್ಲಾಪುರದ ಪೇಟೆಯಲ್ಲಿ ಚಾದರದ ಠೋಕ, ಅಂದರೆ ಸಗಟು ವ್ಯಾಪಾರ ಮಾಡುವವರಿಗೆ ಸಣ್ಣದೆಲ್ಲ ಹಗುರ ಮಾಲಾಗಿಯೇ ಕಾಣುತ್ತದೆ. ಊರು ಬಿಟ್ಟು ಹೊರಟಿದ್ದ ಡಾಕ್ಟರೊಬ್ಬರಿಂದ ನನ್ನ ಯಜಮಾನರು ಅದನ್ನು ಅಗ್ಗಕ್ಕೆ ಕೊಂಡು ತಂದ ದಿನ ಮಾವ ಅಂಗಡಿಯ ಕಟ್ಟೆ ಇಳಿದು ಬಂದರು. ಗಾಡಿಗೆ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಬೆರಳಿನಿಂದ ಬಡಿದು, “ಚಲೋ ಆತು, ಇದರಾಗ ಶೇಂಗಾ ಚಟ್ನಿ ತುಂಬಿ ಇಡಾಕ ಬರತದ” ಎಂದರು. ಅಂಗಡಿಯ ಗುಮಾಸ್ತರೆಲ್ಲ ನಕ್ಕರು. ನಾನು ಮಾಳಿಗೆಯ ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಕೆಂಡದಂಥ ಸಿಟ್ಟು ಬಂತು. ಆ ಕಾರನ್ನು ನಾನು ಕಂಡದ್ದು ಅದೇ ಮೊದಲು. ಆದರೂ ಅದು ನನ್ನದು ಅನ್ನಿಸಿದ್ದು ಆ ಸಿಟ್ಟಿನಲ್ಲೇ.

ಎಪ್ಪತ್ತರ ದಶಕದ ನಡುವಿನ ಮಾತು. ಪೆಟ್ರೋಲು ತುಟ್ಟಿಯಾಗಿ, ಇದ್ದ ಗಾಡಿಗಳನ್ನೇ ಜನ ಹೊರಗೆ ತೆಗೆಯಲು ಹಿಂದೆಮುಂದೆ ನೋಡುತ್ತಿದ್ದ ಕಾಲ. ನಮ್ಮದು ಎರಡೇ ಬಾಗಿಲಿನ ಹಳೆಯ ಗಾಡಿ. ಹಾಲು ಕಡಿಮೆ ಬಿದ್ದ ಚಹಾದ ಬಣ್ಣ. ಎಡಗಡೆಯ ಬಾಗಿಲನ್ನು ಮೊದಲು ಸ್ವಲ್ಪ ಮೇಲಕ್ಕೆತ್ತಿ ಆಮೇಲೆ ಬಡಿಯಬೇಕು, ಇಲ್ಲದಿದ್ದರೆ ಕೂಡುತ್ತಿರಲಿಲ್ಲ. ಬಲಕ್ಕೆ ಪೂರಾ ತಿರುಗಿಸಿದರೆ ಹಾರ್ನ್ ತಾನಾಗಿಯೇ ಕೂಗುತ್ತಿತ್ತು, ಯಾರನ್ನೂ ಕೇಳುತ್ತಿರಲಿಲ್ಲ. ಚಳಿಗಾಲದಲ್ಲಿ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸದೆ ಎದ್ದೇಳುವ ಜಾತಿಯಲ್ಲ. ಇಷ್ಟೆಲ್ಲ ಇದ್ದರೂ ಒಮ್ಮೆ ಎದ್ದಿತೆಂದರೆ ನಡೆಯುತ್ತಿತ್ತು. ನಡುದಾರಿಯಲ್ಲಿ ಕೈ ಕೊಟ್ಟದ್ದು ನನಗೆ ನೆನಪಿಲ್ಲ. ಮನುಷ್ಯರ ಬಗ್ಗೆ ನಾನು ಅಷ್ಟು ಹೇಳಲಾರೆ.

ನನ್ನ ಯಜಮಾನರಿಗೆ ಕಾರು ಕೊಳ್ಳುವ ಧೈರ್ಯ ಇತ್ತು, ನಡೆಸುವ ಧೈರ್ಯ ಇರಲಿಲ್ಲ. ಎದುರಿಗೆ ಟಾಂಗಾ ಬಂದರೆ ಗಾಡಿ ನಿಲ್ಲಿಸಿ, ಟಾಂಗಾ ದಾಟಿ, ಕುದುರೆಯ ವಾಸನೆಯೂ ಹೋದ ಮೇಲೆ ಮುಂದೆ ಹೊರಡುವ ಮನುಷ್ಯ. ಗಿರಣಿಯ ಭೋಂಗಾ ಕೂಗಿ ಪಾಳಿ ಬಿಟ್ಟಿತೆಂದರೆ ರಸ್ತೆ ತುಂಬ ಸೈಕಲ್ಲು. ಇವರು ಬದಿಗೆ ನಿಲ್ಲಿಸಿ ಪೇಪರ್ ಬಿಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ನಾನು ಬೋರಾಮಣಿ ಕಡೆಯ ಒಕ್ಕಲುತನದ ಮನೆಯ ಮಗಳು. ಮದುವೆಗೆ ಮೊದಲೇ ಅಪ್ಪನ ಟ್ರ್ಯಾಕ್ಟರಿನ ಮೇಲೆ ಕೂತು ಹೊಲದ ಈ ತುದಿಯಿಂದ ಆ ತುದಿಗೆ ಹೋಗಿ ಬಂದವಳು. ಒಂದು ದಿನ ತಡೆಯಲಾರದೆ, “ಇಳೀರಿ, ನಾ ನಡಸ್ತೀನಿ” ಎಂದೆ. ಅವರು ಒಡನೆ ಇಳಿದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಕಲಿತದ್ದು ಬೋರಾಮಣಿಯ ಮಾಳದಲ್ಲಿ. ಅಲ್ಲಿ ಕಣ್ಣು ಹಾಯುವವರೆಗೆ ಹುಲ್ಲು. ಡಿಕ್ಕಿ ಹೊಡೆಯಬೇಕೆಂದರೂ ಏನೂ ಸಿಗುವುದಿಲ್ಲ. ದೂರದಲ್ಲಿ ಚಿಗರಿಗಳು ತಲೆಯೆತ್ತಿ ನೋಡಿ, ಮೊದಲ ದಿನ ಓಡಿದವು, ಎರಡನೆಯ ಸಲ ನಿಂತು ನೋಡಿದವು, ಆಮೇಲೆ ಮೇಯುವುದನ್ನೇ ಬಿಡಲಿಲ್ಲ. ನನ್ನ ಕೈಯನ್ನು ಮೊದಲು ನಂಬಿದ್ದು ಆ ಚಿಗರಿಗಳೇ. ಲೈಸೆನ್ಸು ಕೈಗೆ ಬಂದ ಮೇಲೆ ಪೇಟೆಯಲ್ಲಿ, ಹೋಟಗಿಯ ರಸ್ತೆಯಲ್ಲಿ, ರೈಲ್ವೆ ಗೇಟಿನ ಸಾಲಿನಲ್ಲಿ, ಎಲ್ಲೆಡೆ ನಾನೇ ನಡೆಸಿದೆ. ಗೇಟು ಬಿದ್ದು ನಿಂತಾಗ ಜನ ಕಿಟಕಿಗೆ ಬಗ್ಗಿ ನೋಡುತ್ತಿದ್ದರು. ನಾನೂ ತಿರುಗಿ ಅವರ ಮುಖವನ್ನೇ ನೋಡುತ್ತಿದ್ದೆ. ಹಾಗೆ ನೋಡಿದರೆ ಯಾರೂ ಬಹಳ ಹೊತ್ತು ನಿಲ್ಲುವುದಿಲ್ಲ.

ಈ ಕಾರಿನಲ್ಲಿ ಕೂರುವುದಿಲ್ಲ ಎಂದು ಹಟ ಹಿಡಿದವರು ಒಬ್ಬರೇ, ನನ್ನ ಅತ್ತೆ. ಸಿಟ್ಟಿನಿಂದಲ್ಲ. ಅವರಿಗೆ ಎರಡೂ ಮೊಣಕಾಲು ಹೋಗಿದ್ದವು. ದೇವರ ಮನೆಯಿಂದ ಅಡುಗೆ ಮನೆಗೆ ಗೋಡೆ ಹಿಡಿದು ಬರುವವರು. ಎಸ್‌ಟಿ ಬಸ್ಸಿನ ಮೆಟ್ಟಿಲಂತೂ ಅವರಿಗೆ ಗುಡ್ಡ. “ಹತ್ತಾಕ ಆಗದ ಗಾಡ್ಯಾಗ ಕೂಡೂ ಮಾತ್ಯಾಕ?” ಎನ್ನುತ್ತಿದ್ದರು. ಒಂದು ಸಂಜೆ ನಾನು ಗಾಡಿಯನ್ನು ಕಟ್ಟೆಗೆ ತೀರ ಹತ್ತಿರ ತಂದು ನಿಲ್ಲಿಸಿ ಬಾಗಿಲು ತೆರೆದೆ. ಎರಡೇ ಬಾಗಿಲಿನ ಗಾಡಿಯಾದ್ದರಿಂದ ಬಾಗಿಲು ಅಗಲ. ಸೀಟು ಮಣೆಯಷ್ಟು ತಗ್ಗು. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಹಾಗೆಯೇ ಸರಿದು ಕಾರಿನೊಳಗೆ ಕೂತುಬಿಟ್ಟರು. ಏಳಲೂ ಇಲ್ಲ, ಹತ್ತಲೂ ಇಲ್ಲ. ಸ್ವಲ್ಪ ಹೊತ್ತು ಮುಂದಿನ ಗಾಜನ್ನೇ ನೋಡುತ್ತಾ ಕೂತಿದ್ದು, “ಇದು ಕರಜಗಿ ತನಕಾ ಹೋಗತದೇನು?” ಎಂದು ಕೇಳಿದರು.

ಅವರು ಯಾಕೆ ಕೇಳಿದರೆಂದು ನನಗೆ ಗೊತ್ತಿತ್ತು. ಕರಜಗಿ ಅವರ ತವರು, ಅಕ್ಕಲಕೋಟದಿಂದಾಚೆ. ಮದುವೆಯಲ್ಲಿ ಅವರ ತಂದೆ ಅರಿಶಿನ-ಕುಂಕುಮಕ್ಕೆಂದು ಮಗಳಿಗೆ ಕರಿ ಮಣ್ಣಿನ ಒಂದು ಎರಿ ಹೊಲ ಕೊಟ್ಟಿದ್ದರು. ಕಾಲು ಗಟ್ಟಿ ಇದ್ದಷ್ಟು ದಿನ ಅತ್ತೆ ವರ್ಷಕ್ಕೊಮ್ಮೆ ಎಳ್ಳಮಾಸಿಗೆ ಹೋಗಿ ಆ ಹೊಲದಲ್ಲಿ ಚರಗ ಚೆಲ್ಲಿ ಬರುತ್ತಿದ್ದರು. ನಮ್ಮ ಕಡೆ ಎಳ್ಳ ಅಮಾವಾಸ್ಯೆ ಅಂದರೆ ಊರಿಗೆ ಊರೇ ಹೊಲದಲ್ಲಿ. ಐದು ಕಲ್ಲಿಗೆ ಸುಣ್ಣ ಬಳಿದು, ಜೋಳದ ದಂಟಿನ ಕೊಂಪೆಯಲ್ಲಿಟ್ಟು ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತ ಹೋಗುವುದೇ ಚರಗ. ಮುಂದೆ ಹೋಗುವವರು ಅನ್ನ ಚೆಲ್ಲಿ ಕೂಗಬೇಕು. ಹಿಂದೆ ಬರುವವರು ಅಂಬಲಿ ಚಿಮುಕಿಸಿ ಆ ಕೂಗಿಗೆ ಓಗೊಡಬೇಕು. ಮುಂದೆ ಹೋಗುವವರು ಹೊಲದ ಒಡೆಯರು. ಹೊಲ ಯಾರದೆಂದು ಊರವರು ಕಚೇರಿಗೆ ಹೋಗಿ ಕಾಗದ ನೋಡುವುದಿಲ್ಲ, ಎಳ್ಳಮಾಸಿಯ ದಿನ ಮುಂದೆ ಯಾರಿದ್ದರು ಎಂದು ನೋಡುತ್ತಾರೆ.

ಅತ್ತೆಯ ಕಾಲು ಹೋದಂದಿನಿಂದ ಅಲ್ಲಿ ಮುಂದೆ ಹೋಗುತ್ತಿದ್ದವರು ಅವರ ತಮ್ಮ. ಕೆಟ್ಟ ಮನುಷ್ಯರಲ್ಲ. ಹೊಲವನ್ನು ಚೆನ್ನಾಗಿಯೇ ನೋಡಿಕೊಂಡರು, ಜೋಳದ ಚೀಲ ತಪ್ಪದೆ ಸೊಲ್ಲಾಪುರಕ್ಕೆ ಬರುತ್ತಿತ್ತು. ಆದರೆ ವರ್ಷ ಕಳೆದಂತೆ ‘ಅಕ್ಕನ ಹೊಲ’ ಎನ್ನುವುದು ಹೋಗಿ ‘ನಮ್ಮ ಹೊಲ’ ಆಯಿತು. ಆ ವರ್ಷ ದೀಪಾವಳಿಗೆ ಬಂದವರು ಊಟ ಮುಗಿಸಿ, “ಅಕ್ಕಾ, ನೀ ಹ್ಯಾಂಗೂ ಬರೂದಿಲ್ಲ. ಸಕ್ರಾಂತಿ ಆದ ಮ್ಯಾಲ ಅಕ್ಕಲಕೋಟಿಗೆ ಬಂದು ನನ್ನ ಹೆಸರಿಗೆ ಸಹಿ ಮಾಡಿಬಿಡು” ಎಂದರು. ಮಾವ ಅಡಿಕೆ ಕತ್ತರಿಸುತ್ತಾ, “ಬರೋಬರ್ ಆಹೆ” ಎಂದು ಅಂಗಡಿಯ ಮರಾಠಿಯಲ್ಲೇ ಒಪ್ಪಿಗೆ ಕೊಟ್ಟರು. “ಕಣ್ಣಿಗೆ ಕಾಣದ ಹೊಲಾ ಇದ್ದರೇನು, ಬಿಟ್ಟರೇನು?”

ಅತ್ತೆ ಗೋಡೆ ಹಿಡಿದು ಒಳಗೆ ಹೋದರು. ರಾತ್ರಿ ಊಟ ಮಾಡಲಿಲ್ಲ, ಅಷ್ಟೆ. ಅವರಿಗೆ ಸ್ವಂತದ್ದು ಅಂತ ಇದ್ದದ್ದು ಆ ಒಂದು ಹೊಲ. ಮನೆ ಮಾವನದು, ಅಂಗಡಿ ಮಾವನದು, ಮೈಮೇಲಿನ ಬಂಗಾರವೂ ನಾಳೆ ಸೊಸೆಯಂದಿರದು. ಅಪ್ಪ ಕೊಟ್ಟ ಮಣ್ಣೊಂದೇ ಅವರದು, ಅದೂ ಕಾಲು ಬರಲಿಲ್ಲವೆಂದು ಕೈಬಿಡುವುದರಲ್ಲಿತ್ತು. ಇದನ್ನು ನನಗೆ ಸಹಿಸಲಾಗಲಿಲ್ಲ. ಕಟ್ಟೆಯಿಂದ ಸರಿದು ಕಾರಿನಲ್ಲಿ ಕೂತು ಅವರು ಕರಜಗಿಯ ಮಾತು ತೆಗೆದಾಗ ನಾನು, “ಹೋಗತದ್ರಿ ಅತ್ಯಾ. ಎಳ್ಳಮಾಸಿಗೆ ನಿಮ್ಮನ್ನ ಹೊಲದಾಗೇ ಒಯ್ದು ಇಳಸ್ತೀನಿ” ಎಂದುಬಿಟ್ಟೆ.

ಮಾವನಿಗೆ ಈ ಸುದ್ದಿ ತಿಳಿದಾಗ ಅವರು ನನಗೆ ನೇರ ಹೇಳಲಿಲ್ಲ. ಸೊಸೆಯ ಜೊತೆ ನೇರ ಮಾತಿನ ಪದ್ಧತಿ ಇರಲಿಲ್ಲ. ಬಾಗಿಲ ಹಿಂದೆ ನಾನು ನಿಂತದ್ದು ಗೊತ್ತಿದ್ದು ಗೋಡೆಗೆ ಹೇಳಿದರು. “ಡಬ್ಬ್ಯಾಗ ಕೂತು ಎರಿ ಹೊಲಕ್ಕ ಹೋಗತಾರಂತ. ನಡುವ ಸಿಕ್ಕೊಂಡ್ರ ಎತ್ತು ಹೂಡಿ ಎಳಸಬೇಕಾಗತದ. ಕರಜಗ್ಯಾಗ ನನ್ನ ಮಾನಾ ಹೋಗತದ.”

ನಾನೂ ಗೋಡೆಗೇ ಉತ್ತರ ಕೊಟ್ಟೆ. “ಎತ್ತು ಹೂಡೂ ಪಾಳಿ ಬಂದ್ರ ಹೊಲದ ಕಡಿಗೇ ಎಳಸ್ತೀನ್ರಿ, ಮನಿ ಕಡಿಗಲ್ಲ.”

ಒಳಗಿನಿಂದ ಅಡಕತ್ತರಿಯ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಬೇಡ ಎಂದು ಅವರು ಅನ್ನಲಿಲ್ಲ, ನಮ್ಮ ಮನೆಯಲ್ಲಿ ಅದನ್ನೇ ಹೂಂ ಎಂದು ತಿಳಿಯುವುದು.

ಅಮಾವಾಸ್ಯೆಯ ದಿನ ಅಂಗಡಿಯ ಪೂಜೆ ತಪ್ಪಿಸುವಂತಿಲ್ಲ. ಹಾಗಾಗಿ ಗಂಡಸರು ಅಂಗಡಿಯಲ್ಲೇ ಉಳಿದರು, ಹೊರಟವರು ನಾನು ಮತ್ತು ಅತ್ತೆ ಇಬ್ಬರೇ. ಯಜಮಾನರು ಹ್ಯಾಂಡಲ್ ತಿರುಗಿಸಿ ಗಾಡಿ ಎಬ್ಬಿಸಿ ಕೊಟ್ಟು, ಗಾಲಿಗೆ ಲಿಂಬೆಹಣ್ಣು ಇಟ್ಟು, “ಹಳ್ಳ, ಊರು ಬಂದಲ್ಲಿ ಸಾವಕಾಶ” ಎಂದರು. ಅವರ ಸಾವಕಾಶ ಎಂಥದೆಂದು ನನಗೆ ಗೊತ್ತಿದ್ದರಿಂದ ಸುಮ್ಮನೆ ತಲೆಯಾಡಿಸಿದೆ. ಹಿಂದಿನ ಸೀಟಿನಲ್ಲಿ ಹೊಸ ಚಾದರ ಹಾಸಿ ಅಡುಗೆ ಇಟ್ಟಿದ್ದೆವು. ಸಜ್ಜೆಯ ರೊಟ್ಟಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಹತ್ತು ತರದ ಕಾಯಿಪಲ್ಲೆ ಕಾಳು ಕೂಡಿಸಿ ಮಾಡಿದ ಭಜ್ಜಿ, ಮತ್ತೆ ಹಿಂದಿನ ದಿನವೇ ಕಾಸಿ ಹುಳಿಗೆ ಬಿಟ್ಟಿದ್ದ ಜೋಳದ ಅಂಬಲಿ.

ಅಂಬಲಿಯನ್ನು ಒಯ್ಯುವುದು ಮಣ್ಣಿನ ಬಿಂದಿಗೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿ. ತಲೆಯ ಮೇಲೆ ಹೊತ್ತು ಹೋಗುವವರು ಯಾವ ಕಾಲದಿಂದಲೋ ಹಾಗೆಯೇ ಒಯ್ದಿದ್ದಾರೆ. ಆದರೆ ಅತ್ತೆಗೆ ಕಾರಿನ ಮೇಲೆ ಆ ಹೊತ್ತಿಗೆ ಎಷ್ಟು ಅಕ್ಕರೆ ಬಂದಿತ್ತೆಂದರೆ, ಬಿಂದಿಗೆ ತುಳುಕಿ ಗಾಡಿ ಹೊಲಸಾದೀತೆಂದು ಅಂಬಲಿಯನ್ನು ಹಾಲಿನ ಕ್ಯಾನಿಗೆ ತುಂಬಿಸಿದರು. ತುಂಬಿಸಿ ಮುಚ್ಚಳ ಬಡಿದರು. ಬಡಿದು ಅದರ ಸುತ್ತ ಕಣಕದ ಹಿಟ್ಟು ಮೆತ್ತಿ, ಮೇಲೆ ಬಟ್ಟೆ ಸುತ್ತಿ, ಹಗ್ಗದಿಂದ ಬಿಗಿದರು. “ಇನ್ನ ಒಂದ್ ಹನಿ ಹೊರಗ ಬರಲಿ ನೋಡೂನು” ಎಂದರು.

ವಳಸಂಗ ದಾಟಿ ಸ್ವಲ್ಪ ಮುಂದೆ ಹೋಗಿದ್ದೆವು. ಬಿಸಿಲೇರಿತ್ತು, ಹಿಂದಿನ ಗಾಜಿನಿಂದ ಬಿದ್ದ ಬಿಸಿಲು ನೇರ ಕ್ಯಾನಿನ ಮೇಲೆ. ಒಮ್ಮೆಲೇ ಢಂ ಎಂದಿತು. ಟೈರು ಹೋಯಿತೆಂದು ನಾನು ಸ್ಟೇರಿಂಗ್ ಬಿಗಿ ಹಿಡಿದು, ಬ್ರೇಕ್ ಒತ್ತದೆ, ಗಾಡಿಯನ್ನು ತಾನಾಗಿ ನಿಲ್ಲಲು ಬಿಟ್ಟು ಬೇವಿನ ಮರದಡಿ ತಂದೆ. ಇಳಿದು ನಾಲ್ಕೂ ಗಾಲಿ ಒದ್ದು ನೋಡಿದೆ. ನಾಲ್ಕೂ ಗಟ್ಟಿ. ಒಳಗೆ ನೋಡಿದರೆ ಅತ್ತೆಯ ಬಿಳಿ ಕೂದಲಿನಿಂದ ಅಂಬಲಿ ಇಳಿಯುತ್ತಿದೆ. ಗಾಡಿಯ ಮಾಡಿನಲ್ಲಿ ಅಂಬಲಿ, ಗಾಜಿನ ಮೇಲೆ ಅಂಬಲಿ, ಹೊಸ ಚಾದರದ ಮೇಲೆ ಬೆಳ್ಳುಳ್ಳಿ ಎಸಳು. ಮುಚ್ಚಳ ನನ್ನ ಸೀಟಿನ ಬೆನ್ನಿಗೆ ಬಡಿದು ಬಿದ್ದಿತ್ತು. ಹುಳಿ ಬಂದ ಅಂಬಲಿಯ ಉಸಿರು ಕಟ್ಟಿದರೆ ಅದು ಸುಮ್ಮನಿರುತ್ತದೆಯೇ? ಹತ್ತು ಮಂದಿ ಸೊಸೆಯಂದಿರಿಗೆ ಅಡುಗೆ ಕಲಿಸಬಲ್ಲ ಹೆಂಗಸು, ಕಾರಿನ ಮೋಹಕ್ಕೆ ಬಿದ್ದು ಅಂಬಲಿಯ ಗುಣವನ್ನೇ ಮರೆತಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಬೇವಿನ ಮರ ಹಿಡಿದು ನಕ್ಕೆ. ಅತ್ತೆ ನಗಲಿಲ್ಲ. ಅವರ ಕಣ್ಣಲ್ಲಿ ನೀರು ನಿಂತದ್ದು ಕಂಡು ನನ್ನ ನಗು ಅಲ್ಲೇ ಇಂಗಿತು.

“ಅಂಬಲಿ ಇಲ್ಲದ ಚರಗ ಹ್ಯಾಂಗ ಚೆಲ್ಲಲಿ? ದೇವರಿಗೇ ಮನಸ್ಸಿಲ್ಲ ಕಾಣತದ. ತಿರಗಸು ಗಾಡಿ.”

ನಾನು ಕ್ಯಾನಿನೊಳಗೆ ಕೈ ಹಾಕಿ ನೋಡಿದೆ. “ಅರ್ಧಾ ಕ್ಯಾನ್ ಉಳದದ್ರಿ. ಹೋದದ್ದು ದಾರಿ ದೇವರಿಗೆ, ಉಳದದ್ದು ಹೊಲಕ್ಕ. ದೇವರು ತನ್ನ ಪಾಲು ಮೊದಲೇ ತಗೊಂಡಾನ, ಅಷ್ಟ” ಎಂದೆ. ಅವರು ಸೆರಗಿನಿಂದ ತಲೆ ಒರೆಸಿಕೊಂಡರು. ತಿರುಗಿಸು ಎಂದು ಮತ್ತೆ ಅನ್ನಲಿಲ್ಲ.

ಅಕ್ಕಲಕೋಟದ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿದೆ, ಗಾಜು ತೊಳೆದೆ. “ಅರೆ, ಬಾಯಿ ಗಾಡಿ ಚಾಲವತೇ!” ಹೆಂಗಸು ಗಾಡಿ ನಡೆಸುತ್ತಾಳೆ ಎಂದು ಚಹಾದಂಗಡಿಯಲ್ಲಿ ಯಾರೋ ಮರಾಠಿಯಲ್ಲಿ ಕೂಗಿದರು, ಕಪ್ಪು ಹಿಡಿದವರೆಲ್ಲ ಎದ್ದು ಬಂದರು. ಅಂಬಲಿಯ ವಾಸನೆಗೆ ಅವರ ಹಿಂದೆ ಒಂದು ನಾಯಿಯೂ ಬಂತು. ಅತ್ತೆ ಮುಖ ಮುಚ್ಚಿಕೊಳ್ಳುತ್ತಾರೆಂದು ನಾನು ತಿಳಿದಿದ್ದೆ. ಅವರು ಕಿಟಕಿ ಇಳಿಸಿ, “ನಮ್ಮ ಸೊಸಿ. ಏನೀಗ?” ಎಂದರು. ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ಅಲ್ಲಿಂದ ಮುಂದಿನ ದಾರಿ ಡಾಂಬರು ಬಿಟ್ಟು ಖಡಿಯ ಮೇಲೆ, ಖಡಿ ಬಿಟ್ಟು ಮಣ್ಣಿನ ಮೇಲೆ. ಡಬ್ಬಿ ಎಲ್ಲವನ್ನೂ ದಾಟಿತು.

ನಾವು ಹೊಲ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಕೊಂಪೆಯ ಪೂಜೆ ಮುಗಿದಿತ್ತು. ಅತ್ತೆಯ ತಮ್ಮ ರುಮಾಲು ಸುತ್ತಿ, ಕಲಸಿದ ಅನ್ನದ ಬುಟ್ಟಿ ಕೈಯಲ್ಲಿ ಹಿಡಿದು ಹೊರಡಲು ನಿಂತಿದ್ದರು. ಸುತ್ತ ಮನೆಯವರು, ಹೊಲದ ಆಳುಗಳು, ಪಕ್ಕದ ಹೊಲದವರು. ಕಾರು ಕಂಡು ಎಲ್ಲರೂ ಹಾಗೇ ನಿಂತರು. ಅತ್ತೆಯನ್ನು ಕಂಡು ಅವರ ತಮ್ಮ ಓಡಿ ಬಂದರು, ಅದರಲ್ಲಿ ಪ್ರೀತಿ ಇತ್ತು, ಇಲ್ಲವೆನ್ನಲಾರೆ.

“ಅಕ್ಕಾ! ನೀ ಯಾಕ ಇಷ್ಟು ತ್ರಾಸ ತಗೊಂಡಿ? ನಾ ವರ್ಷಾ ಚೆಲ್ಲತೀನಲ್ಲ.”

“ಅದಕ್ಕೇ ಬಂದೀನಿ. ಈ ವರ್ಷ ನಾ ಚೆಲ್ಲತೀನಿ.”

ಅವರು ಅಕ್ಕನ ಕಾಲು ನೋಡಿದರು. “ನಾಕ್ ಹೆಜ್ಜಿ ನಡಿಯಾಕ ಆಗೂದಿಲ್ಲ ನಿನಗ. ಹೊಲಾ ಸುತ್ತ ಹ್ಯಾಂಗ ತಿರಗತಿ? ಇಲ್ಲೇ ಕೂಡು, ನಿನ್ನ ಹೆಸರಿನಿಂದ ನಾನೇ ಚೆಲ್ಲತೀನಿ.”

ಮಾತು ಸರಿಯಾಗಿಯೇ ಇತ್ತು. ಅದೇ ನನಗೆ ಕೆಟ್ಟದ್ದೆನಿಸಿದ್ದು. ಹೊಲದವರೆಗೆ ತಂದು ಇಳಿಸುತ್ತೇನೆ ಎಂದಿದ್ದೆ. ಸುತ್ತು ಹಾಕುವುದರ ವಿಚಾರ ನಾನು ಮಾಡಿರಲಿಲ್ಲ. ಅತ್ತೆ ಹೊಲ ನೋಡುತ್ತಿದ್ದರು. ಎದೆಯೆತ್ತರದ ಜೋಳ. ಬದುವಿನಿಂದ ನಾಲ್ಕು ಸಾಲು ಒಳಗೆ ಬಂಡಿಯ ಜಾಡು ಹೊಲವನ್ನು ನಾಲ್ಕೂ ಕಡೆ ಸುತ್ತಿ ಹೋಗಿತ್ತು. ಅವರ ಕಣ್ಣು ಆ ಜಾಡಿನ ಮೇಲೆ ಹೋಯಿತು, ಅಲ್ಲಿಂದ ನನ್ನ ಮೇಲೆ ಬಂತು.

ನಾನು ಇಳಿದು ಒಂದು ಜೋಳದ ದಂಟು ತೆಗೆದುಕೊಂಡೆ. ಅದನ್ನು ಕಾರಿನ ಮುಂದಿನ ಎರಡು ಗಾಲಿಗಳ ನಡುವೆ ಹಿಡಿದು ಅಳತೆಗೆ ಮುರಿದು, ಹೋಗಿ ಜಾಡಿಗೆ ಅಡ್ಡ ಇಟ್ಟು ನೋಡಿದೆ. ಬಂಡಿಗಿಂತ ಕಾರು ಒಂದು ಗೇಣು ಕಿರಿದು. ಎಡಗಾಲಿ ಜಾಡಿನಲ್ಲಿ, ಬಲಗಾಲಿ ನಡುವಿನ ದಿಬ್ಬದ ಮೇಲೆ ಇಟ್ಟರೆ ಹೋಗುತ್ತದೆ. ಚಳಿಗಾಲದ ಎರಿ ಮಣ್ಣು ಒಣಗಿ ಕಲ್ಲಾಗಿತ್ತು. ಮಾವ ಬಯಸುವಂಥ ದೊಡ್ಡ ಗಾಡಿ ಆಗಿದ್ದರೆ ಎರಡೂ ಬದಿಯ ಬೆಳೆ ಮುರಿದುಕೊಂಡು ಹೋಗಬೇಕಿತ್ತು. “ಇಳಿಯೂದೇನ್ ಬ್ಯಾಡ್ರಿ ಅತ್ಯಾ, ಕೂತಲ್ಲೇ ಚೆಲ್ರಿ” ಎಂದೆ.

ಅವರ ತಮ್ಮನಿಗೆ ಇದು ಸರಿ ಬೀಳಲಿಲ್ಲ. “ಚರಗ ಚೆಲ್ಲೂವಾಗ ಕಾಲಾಗಿನ ಚಪ್ಪಲಿ ಸುದ್ದಾ ಹೊಲದಾಗ ಒಯ್ಯೂದಿಲ್ಲ ನಾವು. ನೀ ಮಷೀನ ಒಯ್ಯತಿಯೇನು?”

“ಬಂಡಿ ಒಯ್ಯತೀರಿಲ್ಲ?” ಎಂದರು ಅತ್ತೆ. “ಅಪ್ಪ ಹೊಲಾ ಕೊಡೂವಾಗ ನನ್ನ ಕಾಲು ನೋಡಿ ಕೊಟ್ಟಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಗಾಡಿ ಕಾಲು ತೊಳಿ” ಎಂದರು.

ನಾನು ಕೊಡ ತಂದು ನಾಲ್ಕೂ ಗಾಲಿ ತೊಳೆದೆ. ದಾರಿಯ ಧೂಳು, ಅಕ್ಕಲಕೋಟದ ಕೆಸರು ಎಲ್ಲ ಹೋಯಿತು. ಬಾನೆಟ್ಟಿಗೆ ಅರಿಶಿನ-ಕುಂಕುಮ ಹಚ್ಚಿದೆ. ನನ್ನ ಚಪ್ಪಲಿ ಕೊಂಪೆಯ ಹತ್ತಿರ ಬಿಟ್ಟು ಬರಿಗಾಲಲ್ಲಿ ಪೆಡಲಿನ ಮೇಲೆ ಕಾಲಿಟ್ಟೆ. ಅತ್ತೆಯ ಮಡಿಲಲ್ಲಿ ನಮ್ಮ ಅಡುಗೆ ಕಲಸಿದ ಬುಟ್ಟಿ. ಅಂಬಲಿಯ ಕ್ಯಾನನ್ನು ಅವರು ಮೊದಲೇ ನನ್ನಿಂದ ನೆಲಕ್ಕಿಡಿಸಿ, ಯಾರಿಗೂ ಏನೂ ಹೇಳದೆ ಅಲ್ಲೇ ಬಿಟ್ಟಿದ್ದರು.

ಒಂದನೇ ಗೇರಿನಲ್ಲಿ, ಕ್ಲಚ್ಚನ್ನು ಅರ್ಧ ಹಿಡಿದು, ನಡೆಯುವವರ ಹೆಜ್ಜೆಯ ವೇಗಕ್ಕೆ ಗಾಡಿ ಬಿಟ್ಟೆ. ಜೋಳದ ಎಲೆ ಎರಡೂ ಬಾಗಿಲಿಗೆ ಸವರುತ್ತಿತ್ತು. ಅತ್ತೆ ಮೊದಲ ಹಿಡಿ ತೆಗೆದು ಎಡಗಡೆಯ ಸಾಲಿನ ಮೇಲೆ ಎಸೆದು, ಗಂಟಲೆತ್ತಿ ಕೂಗಿದರು: “ಹುಲ್ಲುಲ್ಲಿಗ್ಯೋ!”

ಯಾರೂ ಓಗೊಡಲಿಲ್ಲ. ಹಿಂದೆ ಎಲ್ಲರೂ ನಿಂತಲ್ಲೇ ನಿಂತಿದ್ದರು. ಅತ್ತೆ ಇನ್ನೊಂದು ಹಿಡಿ ತೆಗೆದರು. ಬಲಗಡೆಯ ಬೆಳೆಗೂ ಬೀಳಬೇಕಲ್ಲ, ನನ್ನ ಮೂಗಿನ ಮುಂದೆ ಕೈ ಚಾಚಿ ನನ್ನ ಕಿಟಕಿಯಿಂದ ಎಸೆದರು. ಅರ್ಧ ಜೋಳಕ್ಕೆ, ಅರ್ಧ ನನ್ನ ಮಡಿಲಿಗೆ. ಸ್ಟೇರಿಂಗಿಗೆ ಭಜ್ಜಿ ಹತ್ತಿ ಜಾರತೊಡಗಿತು. “ಹುಲ್ಲುಲ್ಲಿಗ್ಯೋ!” ಮತ್ತೆ ಇಲ್ಲ. ಕೂಗಿಗೆ ಓ ಬರದಿದ್ದರೆ ಚರಗ ಆದಂತಲ್ಲ, ತೆನೆಯಲ್ಲಿ ಕಾಳು ಕೂಡುವುದಿಲ್ಲ ಎಂಬುದು ನಮ್ಮವರ ನಂಬಿಕೆ. ನಾನು ತಡೆಯಲಾರದೆ ಬಾಯಿ ತೆರೆದೆ.

“ನೀ ಅಲ್ಲ,” ಎಂದರು ಅತ್ತೆ. “ಹಿಂದಿನಿಂದ ಬರಬೇಕು. ನೀ ಗಾಡಿ ನೋಡು.”

ಒಂದು ಬದಿ ಮುಗಿಯಿತು. ಎರಡನೆಯ ಬದಿಯಲ್ಲೂ ಅವರು ಕೂಗುತ್ತಲೇ ಹೋದರು. ಧ್ವನಿ ಒಡೆಯತೊಡಗಿತ್ತು, ಹಿಡಿ ಮಾತ್ರ ಸಣ್ಣದಾಗಲಿಲ್ಲ. ನನಗೆ ಇಳಿದು ಹೋಗಿ ಆ ಮನುಷ್ಯರಿಗೆ ನಾಲ್ಕು ಮಾತು ಅಂದುಬಿಡಬೇಕೆನಿಸಿತ್ತು. ಆದರೆ ಗಾಡಿ ನಿಲ್ಲಿಸಿದರೆ ಚರಗ ನಿಲ್ಲುತ್ತದೆ. ಮೂರನೆಯ ಬದಿಯಲ್ಲಿ ಎಡಕ್ಕೆ ಹಳ್ಳ. ಅಲ್ಲಿ ಬದು ಕುಸಿದು ನಾಲ್ಕು ಸಾಲು ಇದ್ದದ್ದು ಒಂದೇ ಸಾಲಾಗಿತ್ತು, ಜಾಡು ಹಳ್ಳದ ಕಡೆ ವಾಲಿತ್ತು. ಅತ್ತೆ ಕೂತದ್ದು ಅದೇ ಕಡೆ. ನಾನು ಬಲಗಾಲಿಯನ್ನು ದಿಬ್ಬದ ಇನ್ನೂ ಆಚೆ ಏರಿಸಿದೆ. ಗಾಡಿ ಎಡಕ್ಕೆ ಒರಗಿತು. “ಕೆಳಗ ನೋಡಬ್ಯಾಡ್ರಿ,” ಎಂದೆ. “ನಾ ಯಾಕ ನೋಡಲಿ? ನೋಡೂದು ನಿನ್ನ ಕೆಲಸ” ಎಂದು ಅವರು ಕಿಟಕಿಯಿಂದ ಮೈ ಅರ್ಧ ಹೊರಗೆ ಹಾಕಿ, ಹಳ್ಳದ ಮೇಲೆಯೇ ಇನ್ನೊಂದು ಹಿಡಿ ಚೆಲ್ಲಿ, ಉಳಿದ ಗಂಟಲೆಲ್ಲ ಸೇರಿಸಿ ಕೂಗಿದರು.

“ಹುಲ್ಲುಲ್ಲಿಗ್ಯೋ!”

“ಚಲ್ಲಾಂಬ್ರಿಗ್ಯೋ!”

ಗಂಡು ಧ್ವನಿ. ನಾನು ಕನ್ನಡಿಯಲ್ಲಿ ನೋಡಿದೆ. ಅತ್ತೆಯ ತಮ್ಮ ಬರುತ್ತಿದ್ದರು. ಬಗಲಲ್ಲಿ ನಮ್ಮ ಅಂಬಲಿಯ ಕ್ಯಾನು, ಕೈಯಲ್ಲಿ ಬೇವಿನ ಟೊಂಗೆ. ಹೊಲವನ್ನು ಅಡ್ಡ ಹಾಯ್ದು ಓಡಿ ಬಂದದ್ದರಿಂದ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಟೊಂಗೆಯನ್ನು ಅಂಬಲಿಯಲ್ಲಿ ಅದ್ದಿ ಜೋಳದ ಮೇಲೆ ಚಿಮುಕಿಸುತ್ತಾ, ಇನ್ನೊಂದು ಕೈಯನ್ನು ನನಗೆ ಬೀಸಿ, “ಬಲಕ್ಕ, ಬಲಕ್ಕ ಹೊಡಿ ತಂಗೀ! ಹಾಂ, ಬರಲಿ, ಬರಲಿ, ಇನ್ನೊಂದೀಟು!” ಎನ್ನುತ್ತಿದ್ದರು. ನಾನು ಬಲಕ್ಕೆ ಪೂರಾ ತಿರುಗಿಸಿದೆ. ಹಾರ್ನು ತನ್ನ ರೂಢಿಯಂತೆ ಕೂಗಿಕೊಂಡಿತು. ಗಾಡಿ ಕುಸಿದ ಜಾಗ ದಾಟಿ ಸಮನಾಯಿತು.

ಅತ್ತೆ ಹಿಂದೆ ತಿರುಗಿ ನೋಡಲಿಲ್ಲ. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕೈ ತನ್ನಷ್ಟಕ್ಕೆ ಹಿಡಿ ತೆಗೆಯುತ್ತಿತ್ತು. ಉಳಿದ ದಾರಿಯುದ್ದಕ್ಕೂ ಅಕ್ಕ ಮುಂದೆ ಕೂಗಿದರು, ತಮ್ಮ ಹಿಂದೆ ಓಗೊಟ್ಟರು. ನಾಲ್ಕನೆಯ ಬದಿ ಮುಗಿಯುವ ಹೊತ್ತಿಗೆ ಪಕ್ಕದ ಹೊಲದವರೂ ಅವರ ಜೊತೆ ದನಿಗೂಡಿಸಿದ್ದರು. ನಾನೂ ಅಳುತ್ತಿದ್ದೆ. ಅಳುತ್ತಲೇ ಗಾಡಿಯನ್ನು ಕೊಂಪೆಯ ಎದುರು ಸರಿಯಾಗಿ ತಂದು ನಿಲ್ಲಿಸಿದೆ.

ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂತರು. ಅತ್ತೆ ಕಾರಿನ ಬಾಗಿಲು ಪೂರಾ ತೆರೆಸಿ, ಸೀಟಿನಲ್ಲೇ ಹೊರಳಿ ಕೂತು, ಎರಡೂ ಪಾದಗಳನ್ನು ಹೊಲದ ಮಣ್ಣಿನ ಮೇಲೆ ಇಟ್ಟುಕೊಂಡರು. ಅವರ ತಾಟನ್ನು ನಾನು ಮಡಿಲಲ್ಲಿ ಇಟ್ಟೆ. ಆಮೇಲೆ ಅವರ ತಮ್ಮ ಉಣ್ಣುತ್ತಿದ್ದ ತಾಟು ಬಿಟ್ಟೆದ್ದು ಬಂದು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಮಣ್ಣಿನ ಒಂದು ಹೆಂಟೆ ಎತ್ತಿಕೊಂಡು ಬೆರಳಲ್ಲಿ ಪುಡಿ ಮಾಡುತ್ತಾ, ಅಕ್ಕನ ಮುಖ ನೋಡದೆ ಕೇಳಿದರು.

“ಅಕ್ಕಾ, ಮುಂದಿನ ಸಲ ಈ ಹೊಲದಾಗ ಏನ್ ಬಿತ್ತಸ್ತಿ? ಜ್ವಾಳೇ ಇರಲೋ, ಕಡ್ಲಿ ಮಾಡೂನೋ?”

ಎಷ್ಟೋ ವರ್ಷದಿಂದ ಅವರನ್ನು ಯಾರೂ ಆ ಮಾತು ಕೇಳಿರಲಿಲ್ಲ. ಸುತ್ತಲಿನ ಆಳುಗಳೂ ಉಣ್ಣುವುದು ನಿಲ್ಲಿಸಿ ಅತ್ತೆಯ ಕಡೆ ನೋಡಿದರು. ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು, ಒಕ್ಕಲಿಗರ ಮಗಳಾದ ನನಗೆ ಅದು ಕಾಣುತ್ತಿತ್ತು. ಅವರು ಅವಸರ ಮಾಡಲಿಲ್ಲ. ಬಾಯಲ್ಲಿದ್ದ ತುತ್ತು ಅಗಿದು ನುಂಗಿದರು. ಉಳಿದಿದ್ದ ಅಂಬಲಿ ಕುಡಿದರು. ಬಟ್ಟಲು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಈಗಲೇ ಹ್ಯಾಂಗ ಹೇಳಲಿ?” ಎಂದರು. “ಸುಗ್ಗಿಗೆ ಮತ್ತ ಬರತೀನಿ. ರಾಶಿ ನೋಡಿ ಹೇಳತೀನಿ.”

“ಹೂಂ ಅಕ್ಕಾ,” ಎಂದರು ಅವರ ತಮ್ಮ. ಎದ್ದು ಹೋಗಿ, ಒಂದು ಎಳ್ಳು ಹೋಳಿಗೆ ತಂದು ಅವರ ತಾಟಿಗೆ ಹಾಕಿದರು.